ಇಪ್ಪತ್ತಮೂರನೆಯ ಲಕೋಟೆ

ಕುಟ್ಟದ ಆಸ್ಪತ್ರೆಯಲ್ಲಿ ನಮಗಿರುವುದು
ಆರು ಮಂಚ, ಒಂದು ಇಸಿಜಿ, ಕೆಮ್ಮುವ ಜನರೇಟರ್,
ಈ ವರ್ಷದಿಂದ ಮದ್ದಿನ ಬೀರುವಿನ ಮೇಲರೆಯಲ್ಲಿ
ಬಾಯಿ ಅಂಟಿಸಿದ ನಲವತ್ತು ಲಕೋಟೆ.

ಎದೆ ಹಿಡಿದು ಬಂದವರಿಗೆ, ಹೆಪ್ಪು ಕರಗಿಸಲು, ದಾರಿ ಎರಡು.
ಹಳೆಯದು: ಬಾಟಲಿಯಿಂದ, ಹನಿ ಹನಿ, ಒಂದು ಗಂಟೆ.
ಹೊಸದು: ತೂಕಕ್ಕೆ ತಕ್ಕಂತೆ ಅಳೆದು, ಸಿರಿಂಜಿನಲ್ಲಿ ಒಂದೇ ಸಲ,
'ಕುಟ್ಟ, ಶ್ರೀಮಂಗಲ, ಪೊನ್ನಂಪೇಟೆ, ಗೋಣಿಕೊಪ್ಪ'
ಅನ್ನುವಷ್ಟರಲ್ಲಿ ಮುಗಿಯಿತು.
ಯಾರಿಗೆ ಯಾವುದು, ಲಕೋಟೆಗೆ ಬಿಟ್ಟದ್ದು.
ಡಾಕ್ಟರು ಆರಿಸುವಂತಿಲ್ಲ. ನಾನೂ.
'ಇಗ್ಗುತ್ತಪ್ಪನೂ' ಎಂದ ಕಾಂಪೌಂಡರ್ ಪೂಣಚ್ಚ,
ಆಮೇಲೆ ತಾನೇ ಕೆನ್ನೆ ತಟ್ಟಿಕೊಂಡ.

ಮೈಸೂರಿಗೆ ಮೂರು ಗಂಟೆ,
ನಡುವೆ ಆನೆ ನಿಂತರೆ ಅದರ ಮರ್ಜಿ.
ಅಷ್ಟರಲ್ಲಿ ಎದೆಯ ಮಾಂಸ ಸದ್ದಿಲ್ಲದೆ ಸಾಯುತ್ತದೆ,
ಕಾಂಡಕೊರಕ ಹೊಕ್ಕ ಗಿಡದ ಹಾಗೆ:
ಮೇಲೆ ಎಲೆಯಿನ್ನೂ ಹಸಿರು.

ಹದಿನೇಳನೆಯದು ಹನಿ.
ಪೋಸ್ಟ್‌ಮಾಸ್ತರ್ ಉತ್ತಯ್ಯ, ಬೆವರಿ ತೊಪ್ಪೆ.
ಅರ್ಧಕ್ಕೆ ಕರೆಂಟು ಹೋಯಿತು, ಪಂಪು ಕುಯ್ಯೆಂದು ಕಣ್ಣು ಮುಚ್ಚಿತು.
ಮೊಬೈಲಿನ ಬೆಳಕು ಪೂಣಚ್ಚನ ಹಲ್ಲಿನಲ್ಲಿ,
ಗಡಿಯಾರ ನನ್ನ ಹಲ್ಲಿನಲ್ಲಿ ಇರದಿದ್ದುದೊಂದೇ ಪುಣ್ಯ.
ಮೂವತ್ತೆಂಟು ನಿಮಿಷ ಹನಿ ಎಣಿಸಿದೆ.
ಪಕ್ಕದ ಮಂಚದ ಬಾಣಂತಿ ನೀರು ಕೇಳಿದಳು,
ಕೊಡಲಿಲ್ಲ.
ಉತ್ತಯ್ಯ ಬದುಕಿದರು. ಈಗಲೂ ಎದುರಿಗೆ ಸಿಕ್ಕರೆ
ನನ್ನ ತುಟಿ ತಾನಾಗಿ ಎಣಿಸುತ್ತದೆ.

ಕುಯ್ಲಿನ ದಿನ, ಮಧ್ಯಾಹ್ನ, ಜೀಪಿನ ಹಿಂದೆ ಮಲಗಿಸಿ
ತಂದರು ಎರವರ ಚಾತೆಯನ್ನು.
ಬೆರಳೆಲ್ಲ ಕಾಫಿ ಹಣ್ಣಿನ ಅಂಟು,
ಇಸಿಜಿಯ ಬಟ್ಟಲು ಎದೆಗೆ ಹತ್ತುವ ಮೊದಲೇ
ಅವನ ಕೈ ನನ್ನ ಕೈಗೆ ಹತ್ತಿತ್ತು.
ಕಾಗದ ಓದಿ ಹೇಳಿದೆ. ಅವನು ತಲೆಯಾಡಿಸಿದ.
ಹೆಂಡತಿ ಕರ್ಚಿ ಕೇಳಿದಳು:
'ಎರಡರಲ್ಲಿ ಯಾವುದು ಒಳ್ಳೇದಕ್ಕ?'

'ಗೊತ್ತಿಲ್ಲ.'

ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ
ಈ ಮಾತಿಗೆ ನನ್ನ ನಾಲಿಗೆ ಹೊರಳಿರಲಿಲ್ಲ.
'ಗೊತ್ತಿಲ್ಲ, ಅದಕ್ಕೇ ಹೀಗೆ ನೋಡುತ್ತಿದ್ದೇವೆ.'
ಅಂಗಡಿಯವನ ತಕ್ಕಡಿ ನೋಡುವ ಹಾಗೆ ನನ್ನ ಮುಖ ನೋಡಿದಳು.
'ಆಸ್ಪತ್ರೆಯವರು ಗೊತ್ತಿಲ್ಲ ಅಂದದ್ದು ಇದೇ ಮೊದಲು' ಅಂದಳು,
ನಕ್ಕಳೋ ಏನೋ.

ಲಕೋಟೆ ಹರಿದೆ. ಸಿರಿಂಜು.
ತೂಕ ಎಷ್ಟು? ನಿಲ್ಲಿಸಿ ತೂಗುವಂತಿಲ್ಲ.
ಕರ್ಚಿ ಹೇಳಿದಳು: 'ಒಂದು ಚೀಲ ಚೆರ್ರಿ. ಮೇಲೆರಡು ಸೇರು.
ಅವನೂ ಚೀಲವೂ ಸರಿಸಮ ಅಂತ ರೈಟರು ದಿನಾ ನಗಾಡ್ತಾರೆ.'
ಡಾಕ್ಟರು ಪಟ್ಟಿಯಲ್ಲಿ ಅರವತ್ತರ ಒಳಗಿನ ಸಾಲಿಗೆ ಬೆರಳಿಟ್ಟರು.
ಒತ್ತಿದೆ. ಕುಟ್ಟ, ಶ್ರೀಮಂಗಲ,
ಪೊನ್ನಂಪೇಟೆ.

ಆಮೇಲೆ ನನ್ನ ಕೈಗೆ ಕೆಲಸವಿರಲಿಲ್ಲ.
ಎಣಿಸಲು ಹನಿಯಿಲ್ಲ, ತಿರುಗಿಸಲು ಚಕ್ರವಿಲ್ಲ.
ಇಷ್ಟೇನಾ, ಅನ್ನಿಸಿತು, ಏನೋ ಮರೆತೆನಾ?
ಖಾಲಿ ಕೈ ಎಲ್ಲಿಡುವುದೆಂದು ತಿಳಿಯದೆ
ಅವನ ಮಣಿಕಟ್ಟಿನ ಮೇಲಿಟ್ಟೆ.
ಆಂಬುಲೆನ್ಸು ತಿತಿಮತಿ ದಾಟುವವರೆಗೂ
ಅಲ್ಲೇ ಇತ್ತು.

ಚಾತೆ ಬದುಕಿದ.
ಆದರೆ ಹದಿನಾಲ್ಕನೆಯದೂ ಸಿರಿಂಜೇ;
ಆ ಚೋಂದಮ್ಮ, ನನ್ನ ತಾಯಿಯ ವಯಸ್ಸು, ಹುಣಸೂರು ಕಾಣಲಿಲ್ಲ.
ಒಂದು ಜೀವ ಪುರಾವೆಯಲ್ಲ. ಒಂದು ಸಾವೂ ಅಲ್ಲ.
ಇದನ್ನು ಬರೆಯುವುದು ಸುಲಭ,
ಚೋಂದಮ್ಮನ ಮಗಳು ಬಸ್ಸಿನಲ್ಲಿ ಪಕ್ಕ ಕೂತಾಗ ಅಲ್ಲ.

ಮೂವತ್ತನೆಯ ದಿನ ವಿಚಾರಿಸಬೇಕು, ಅದು ನಿಯಮ.
ಚಾತೆಗೆ ಫೋನಿಲ್ಲ. ಹಾಡಿಗೆ ನಡೆದೇ ಹೋದೆ.
ಚೀಲ ಎತ್ತಬೇಡ ಅಂದದ್ದಕ್ಕೆ ಮುನಿಸಿಕೊಂಡು
ಅವನು ನಾಯಿಗೆ ಬೈಯುತ್ತ ಕೂತಿದ್ದ.
ಕರ್ಚಿ ನನ್ನ ಪುಸ್ತಕದೊಳಗೆ ಇಣುಕಿದಳು.
'ಈಗ ಗೊತ್ತಾಯ್ತಾ?'
'ಇನ್ನೂ ಇಲ್ಲ. ನಮ್ಮಲ್ಲೇ ಹದಿನಾರು ಉಳಿದಿವೆ.
ಬೇರೆ ಊರುಗಳಲ್ಲಿ ಸಾವಿರ.'

ಕಪ್ಪು ಕಾಫಿಗೆ ಬೆಲ್ಲ ಹಾಕುತ್ತ ಅವಳು ಹೇಳಿದಳು:
'ಗೊತ್ತಾದ ದಿನ
ಇಷ್ಟು ದೂರ ಬಂದು ಹೇಳ್ತೀಯಲ್ಲ?'